ಅಪ್‌ಡೇಟ್: ಬೆಂಗಳೂರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ತಂಡ ಲಿವರ್‌ಪೂಲ್‌ನ ಅಭಿಮಾನಿಗಳನ್ನು ಒಟ್ಟಿಗೆ ಪಂದ್ಯ ನೋಡೋಕೆ ಸೇರಿಸೋದು ಹೇಗೆ ಎಂದು ಕೇಳಿದ್ದೆ
ಬಾರ್ ಬೇಡ, ಮನೆಯವರೂ ಬರುವಂಥ ಜಾಗ ಹುಡುಕಿ ಎಂದಿದ್ದಿರಿ. ಅದೇ ಕೆಲಸಕ್ಕೆ ಬಂತು. ಮೊದಲು ಒಂದು ಹೋಟೆಲಿಗೆ ಅಡ್ವಾನ್ಸ್ ಕೊಟ್ಟಿದ್ದೆವು. ಅರ್ಧ ಆಟದಲ್ಲೇ ಕ್ರಿಕೆಟ್ ಹಾಕಿಬಿಟ್ಟರು! ಈಗ ರಾಜಾಜಿನಗರದಲ್ಲಿ ಗೆಳೆಯನ ಮನೆ ಟೆರೇಸು, ಬಾಡಿಗೆ ಪ್ರೊಜೆಕ್ಟರ್.

ಮೊದಲ ವಾರ 9 ಜನ, ಕಳೆದ ಶನಿವಾರ 31. ಲಿವರ್‌ಪೂಲ್‌ನ ಮೈದಾನ ಆ್ಯನ್‌ಫೀಲ್ಡಲ್ಲಿ ಅಲ್ಲಿನ ಮಧ್ಯಾಹ್ನ 3ಕ್ಕೆ ಶುರುವಾದರೆ ಚಳಿಗಾಲದಲ್ಲಿ ನಮಗೆ ರಾತ್ರಿ 8:30. ಊಟಕ್ಕೂ ಸರಿಹೋಗುತ್ತೆ. ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಪಂದ್ಯಗಳು ಮಾತ್ರ ಕಷ್ಟ. ರಾತ್ರಿ 1:30ಕ್ಕೆ ಶುರುವಾದರೆ ಮೆಟ್ರೋ ಎಲ್ಲಿ? ನಾಲ್ಕೇ ಜನ ಬಂದಿದ್ದರು, ಒಬ್ಬ ನಿದ್ದೆ ಹೋದ.

ಆಸ್ಟಿನ್ ಟೌನಿನ ಅಂಕಲ್ ಒಬ್ಬರು, 'ಕಂಠೀರವ ಸ್ಟೇಡಿಯಮ್ಮಿಗೂ ಬನ್ರಪ್ಪ, ಬಿಎಫ್‌ಸಿ (ಬೆಂಗಳೂರು ಫುಟ್‌ಬಾಲ್ ಕ್ಲಬ್) ನಮ್ಮದಲ್ವಾ?' ಎಂದು ಬೈದರು. ಬಿಎಫ್‌ಸಿಯ ಮುಂದಿನ ಪಂದ್ಯಕ್ಕೆ ಟಿಕೆಟ್ ತಗೊಂಡಿದ್ದೇವೆ.