"ದ್ವೇಷ ಭಾಷಣ" ಅನ್ನೋದ್ರಲ್ಲಿ "ಭಾಷಣ" ಯಾಕೆ ಬಂತು? ಬೇರೆ ಪದ ಇದ್ಯಾ?

ಎಲ್ರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಸಹಾಯ ಬೇಕಿತ್ತು, ಸ್ವಲ್ಪ ಅರ್ಜೆಂಟು. ಇಲ್ಲಿ ಬಸವನಗುಡಿ ಕಡೆ ನಾವೊಂದಷ್ಟು ಜನ ತಿಂಗಳಿಗೊಂದ್ಸಲ ಸೇರಿ ಯಾವ್ದಾದ್ರೂ ವಿಷಯ ಇಟ್ಕೊಂಡು ಮಾತಾಡ್ತೀವಿ. ಈ ತಿಂಗಳದ್ದು, ಹೇಟ್ ಸ್ಪೀಚ್‌ಗೂ ಫ್ರೀ ಸ್ಪೀಚ್ ಅಂತ ರಕ್ಷಣೆ ಕೊಡ್ಬೇಕಾ ಬೇಡ್ವಾ ಅಂತ. ಕರೆಯೋಲೆ ಬರೆಯೋ ಕೆಲಸ ನಂದು. "ದ್ವೇಷ ಭಾಷಣವೂ ವಾಕ್ ಸ್ವಾತಂತ್ರ್ಯವೇ?" ಅಂತ ಬರೆದೆ, ಬರೆದು ಓದ್ಕೊಂಡ್ರೆ ಪ್ರಶ್ನೆ ಜೀವಾನೇ ಹೋಗ್ಬಿಟ್ಟಿತ್ತು.

ಇಂಗ್ಲಿಷಲ್ಲಿ ಎರಡೂ ಕಡೆ ಇರೋದು ಸ್ಪೀಚೇ, ಜಗಳ ಶುರುವಾಗೋದೇ ಅಲ್ಲಿಂದ, ಇದೂ ಮಾತೇ ಅದೂ ಮಾತೇ ಅಂದ್ಮೇಲೆ ಒಂದನ್ನ ಕಾಪಾಡಿ ಇನ್ನೊಂದನ್ನ ತಡೆಯೋದು ಯಾವ ಲೆಕ್ಕ ಅಂತ. ಕನ್ನಡಕ್ಕೆ ಬಂದಾಗ ಒಂದು "ವಾಕ್" ಆಯ್ತು, ಇನ್ನೊಂದು "ಭಾಷಣ" ಆಯ್ತು, ಎರಡಕ್ಕೂ ಇದ್ದ ನಂಟೇ ಕಡಿದೋಯ್ತು. ಭಾಷಣ ಅಂದ್ರೆ ನಮ್ ಕಿವಿಗೆ ಸ್ಟೇಜು, ಮೈಕು, ಎದುರಿಗೆ ಕುರ್ಚಿ ಸಾಲು. ಪಕ್ಕದ ಮನೆ ಹಿರಿಯರೊಬ್ರನ್ನ ಮೀಟಿಂಗ್‌ಗೆ ಕರೆದೆ, "ಅದು ರಾಜಕಾರಣಿಗಳ ವಿಷಯ ಬಿಡಪ್ಪ, ನಾವೆಲ್ಲಿ ಭಾಷಣ ಮಾಡ್ತೀವಿ" ಅಂದ್ರು. ಇಂಥವರ ಅಂಗಡೀಲಿ ಏನೂ ತಗೋಬೇಡಿ, ಇಂಥವರಿಗೆ ಮನೆ ಬಾಡಿಗೆಗೆ ಕೊಡ್ಬೇಡಿ ಅನ್ನೋ ಮೆಸೇಜುಗಳು ನಂಗೆ ಬರೋದು ಅವರ ಫೋನಿಂದ್ಲೇ. ಅವರು ಸುಳ್ಳು ಹೇಳ್ಲಿಲ್ಲ, ಭಾಷಣ ಅನ್ನೋ ಪದ ನಿಜವಾಗ್ಲೂ ಅವರನ್ನ ಮುಟ್ಟಲ್ಲ. ನಂಗೆ ತುಂಬಾ ಬೇಜಾರಾಗಿದ್ದು ಅದಕ್ಕೇ.

ಕಾನೂನಿನ ಒಳಗೆ ನೋಡಿದ್ರೆ ಹಾಗಿಲ್ಲ. ಗುಂಪುಗಳ ಮಧ್ಯೆ ವೈರ ಹುಟ್ಟಿಸೋದು ಅಪರಾಧ ಅನ್ನೋ ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) 153ಎ, ಅಂದ್ರೆ 2024ರ ಜುಲೈ 1ರಿಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 196, ಅದರಲ್ಲಿ ಆಡಿದ ಮಾತು, ಬರೆದಿದ್ದು, ಸನ್ನೆ, ಚಿತ್ರ ಎಲ್ಲಾ ಇದೆ, ಈಗ ಎಲೆಕ್ಟ್ರಾನಿಕ್ ಸಂವಹನಾನೂ ಸೇರಿದೆ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನಕ್ಕೆ ಬಂತಲ್ಲ ವಿಧೇಯಕ, ಅದರ ವ್ಯಾಖ್ಯಾನಾನೂ ಅಷ್ಟೇ ಅಗಲ. ಆದ್ರೆ ನಾವು ಕರೆಯೋದು ಮಾತ್ರ "ದ್ವೇಷ ಭಾಷಣ ಮಸೂದೆ" ಅಂತ.

2012ರ ಆಗಸ್ಟ್ ನೆನಪಿದ್ಯಾ. ಅಸ್ಸಾಮಿನ ಗಲಭೆ ಆದ್ಮೇಲೆ ಇಲ್ಲಿರೋ ಈಶಾನ್ಯದವರ ಮೇಲೆ ದಾಳಿ ಆಗುತ್ತೆ ಅಂತ ಎಸ್ಸೆಮ್ಮೆಸ್ಸು ಹಬ್ಬಿ, ಸಾವಿರಾರು ಜನ ಬ್ಯಾಗ್ ಹೊತ್ಕೊಂಡು ಸಿಟಿ ರೈಲ್ವೆ ಸ್ಟೇಷನ್‌ಗೆ ಓಡಿದ್ರು, ಗುವಾಹಟಿಗೆ ಸ್ಪೆಷಲ್ ಟ್ರೈನ್ ಬಿಡ್ಬೇಕಾಯ್ತು, ಆಮೇಲೆ ಕೇಂದ್ರ ಸರ್ಕಾರ 15 ದಿನ ಯಾರೂ ಒಂದ್ಸಲಕ್ಕೆ ಐದಕ್ಕಿಂತ ಜಾಸ್ತಿ ಮೆಸೇಜ್ ಕಳಿಸೋ ಹಾಗಿಲ್ಲ ಅಂತ ಮಾಡ್ತು. ಅಷ್ಟು ಜನರನ್ನ ಊರು ಬಿಡಿಸಿದ್ದು ಸ್ಟೇಜ್ ಮೇಲಿನ ಮಾತಲ್ಲ. ನಾವು ಅದನ್ನ "ವದಂತಿ", "ಗಾಳಿಮಾತು" ಅಂದು ಸುಮ್ಮನಾದ್ವಿ, ಗಾಳಿಮಾತು ಅಂದ್ರೆ ಯಾರ ಬಾಯಿಂದಾನೂ ಬಂದಿಲ್ಲ ಅನ್ನೋ ಹಾಗೆ.

ಇನ್ನು "ದ್ವೇಷ". ಇದರ ಬಗ್ಗೆ ನಂಗೆ ಇನ್ನೂ ಜಾಸ್ತಿ ತಕರಾರಿದೆ. ಪೇಪರಲ್ಲಿ "ಹಳೇ ದ್ವೇಷ: ಯುವಕನ ಕೊಲೆ" ಅಂತ ಬರುತ್ತಲ್ಲ, ಕನ್ನಡದ ದ್ವೇಷ ಅದು, ಇಬ್ಬರ ಮಧ್ಯೆ ಏನೋ ಆಗಿರುತ್ತೆ, ಅದು ಒಳಗೇ ಬೆಳೆದಿರುತ್ತೆ. ಯಾವತ್ತೂ ಮುಖಾನೇ ನೋಡದಿರೋ ಜನರ ಮೇಲೆ, ಅವರು ಹುಟ್ಟಿದ ಜಾತಿಗೋ ಧರ್ಮಕ್ಕೋ ಊರಿಗೋ ಕಾರುವ ವಿಷಕ್ಕೆ ಅದು ಸರಿಯಾಗಿ ಕೂರಲ್ಲ. ಇನ್ನೊಂದು, ದ್ವೇಷ ಮನಸ್ಸಿನೊಳಗಿನದು. ಮೊದಲು ಪತ್ರಿಕೆಗಳಲ್ಲಿ ಹೆಚ್ಚಾಗಿ "ಪ್ರಚೋದನಕಾರಿ ಭಾಷಣ" ಅಂತ ಇರ್ತಿತ್ತು, ಅದು ಮಾತು ಏನು ಮಾಡುತ್ತೆ ಅಂತ ಹೇಳೋ ಪದ. "ದ್ವೇಷ" ಅಂದಾಗ ಆಡಿದವನ ಎದೆಯೊಳಗೆ ಏನಿತ್ತು ಅಂತ ಹುಡುಕ್ಬೇಕು, ಪೊಲೀಸ್ರು ಅದನ್ನ ಹುಡುಕೋಕೆ ಹೊರಟ್ರೆ ಸರ್ಕಾರಾನ ಕಟುವಾಗಿ ಬೈದವನೂ ಒಳಗೆ ಹೋಗ್ತಾನೆ, ನಂಗೆ ಆ ಭಯ ನಿಜವಾಗ್ಲೂ ಇದೆ. ವಾಕ್ ಸ್ವಾತಂತ್ರ್ಯಕ್ಕೆ ಯಾವ ಕಾರಣಗಳಿಗೆ ಮಿತಿ ಹಾಕ್ಬಹುದು ಅನ್ನೋ ಸಂವಿಧಾನದ 19(2) ಪಟ್ಟೀಲಿ ಸಾರ್ವಜನಿಕ ಸುವ್ಯವಸ್ಥೆ ಇದೆ, ಅಪರಾಧಕ್ಕೆ ಪ್ರಚೋದನೆ ಇದೆ, ದ್ವೇಷ ಅನ್ನೋ ಪದ ಇಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಆನ್‌ಲೈನಲ್ಲಿ ಕಿರಿಕಿರಿ ಮಾಡೋ ಮೆಸೇಜ್ ಹಾಕಿದ್ರೆ ಶಿಕ್ಷೆ ಅಂತಿದ್ದ ಐಟಿ ಕಾಯ್ದೆಯ 66ಎ ಹೊಡೆದುಹಾಕಿದಾಗ್ಲೂ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಅಂತ ಮೂರು ಬೇರೆ ಮಾಡಿ, ಮೂರನೇದಕ್ಕೆ ಬಂದಾಗ ಮಾತ್ರ ತಡೆ ಅಂತು. ಅಮೆರಿಕದ ಕೋರ್ಟು 1969ರಲ್ಲಿ ಇನ್ನೂ ಬಿಗಿಯಾಗಿ, ತಕ್ಷಣ ಕಾನೂನು ಮುರಿಯೋಕೆ ಹುರಿದುಂಬಿಸಿದ್ರೆ, ಅದು ಆಗೋ ಸಂಭವಾನೂ ಇದ್ರೆ ಮಾತ್ರ ಅಂತ ಹೇಳಿದೆ, ಅಲ್ಲಿ ಬರೀ ಹೇಟ್ ಸ್ಪೀಚ್ ಅನ್ನೋ ಕಾರಣಕ್ಕೆ ಶಿಕ್ಷೆ ಇಲ್ಲ. ಜರ್ಮನಿಯಲ್ಲಿ ಇದೆ, ಅವರ ದಂಡಸಂಹಿತೆ 130ರಲ್ಲಿ, ಅಲ್ಲಿನ ಪದ ಫೋಲ್ಕ್ಸ್‌ಫರ್‌ಹೆಟ್ಸುಂಗ್. ಬಿಡಿಸಿದ್ರೆ ಜನರನ್ನ ಎತ್ತಿಕಟ್ಟೋದು ಅಂತ ಆಗುತ್ತೆ.

ಅದನ್ನ ತಿಳ್ಕೊಂಡಾಗ ಹೊಳೀತು, "ಎತ್ತಿಕಟ್ಟೋದು" ನಮ್ಮಲ್ಲೇ ಇದ್ಯಲ್ಲ! ನಮ್ಮಜ್ಜಿ ದಿನಾ ಆಡ್ತಿದ್ದ ಮಾತು, ಒಬ್ಬರ ಮೇಲೆ ಒಬ್ಬರನ್ನ ಎತ್ತಿಕಟ್ತಾನೆ ಅಂತ. ಅದರಲ್ಲಿ ಮೂರು ಜನ ಇರ್ತಾರೆ ನೋಡಿ, ಎತ್ತಿಕಟ್ಟೋನು, ಯಾರನ್ನ ಎತ್ತಿಕಟ್ಟಿದ ಅನ್ನೋದು, ಯಾರ ಮೇಲೆ ಅನ್ನೋದು. ದ್ವೇಷದಲ್ಲಿ ಇಬ್ಬರೇ. ನನ್ನ ಮಟ್ಟಿಗೆ ಕಾಪಾಡಬೇಕಾದ ಮಾತು ಯಾವ್ದು, ಬೇಡದ್ದು ಯಾವ್ದು ಅನ್ನೋದು ಈ ಮೂರನೆಯವನು ಬರೋ ಕಡೆ ತೀರ್ಮಾನ ಆಗುತ್ತೆ. ಬೈಗುಳ ಇರ್ಲಿ, ದೇವರನ್ನ ಪ್ರಶ್ನೆ ಮಾಡೋದಿರ್ಲಿ, ನಂಗೆ ಸಿಟ್ಟು ಬರೋ ಅಭಿಪ್ರಾಯಾನೂ ಇರ್ಲಿ, ಒಂದು ಗುಂಪನ್ನ ಇನ್ನೊಂದರ ಮೇಲೆ ಎತ್ತಿಕಟ್ಟೋ ಮಾತಿಗೆ ಸ್ವಾತಂತ್ರ್ಯದ ಹೆಸರಲ್ಲಿ ರಕ್ಷಣೆ ಬೇಡ.

ತೊಂದ್ರೆ ಏನಂದ್ರೆ "ಎತ್ತಿಕಟ್ಟು ಮಾತು" ನಾಮಪದವಾಗಿ ನಾಲಿಗೆ ಮೇಲೆ ನಿಲ್ತಿಲ್ಲ. "ಹಗೆನುಡಿ" ಚಿಕ್ಕದಾಗಿದೆ, ಆದ್ರೆ ಹಗೇನೂ ದ್ವೇಷದ ಹಾಗೆ ಇಬ್ಬರ ಮಧ್ಯದ್ದೇ. "ನಂಜುಮಾತು" ಕೇಳೋಕೆ ಚೆನ್ನಾಗಿದೆ, ಆದ್ರೆ ಅತ್ತೆ ಸೊಸೆ ಮಧ್ಯಾನೂ ನಂಜಿರುತ್ತೆ. "ಚಿತಾವಣೆ" ಅರ್ಥದಲ್ಲಿ ತುಂಬಾ ಹತ್ತಿರ, ಈಗಿನ ಹುಡುಗರಿಗೆ ಗೊತ್ತಿಲ್ಲ, ಅವರು "ಫಿಟ್ಟಿಂಗ್ ಇಡೋದು", "ಬತ್ತಿ ಇಡೋದು" ಅಂತಾರೆ, ಆ ಪದಗಳು ಇಷ್ಟು ದೊಡ್ಡ ವಿಷಯದ ಭಾರ ಹೊರಲ್ಲ.

ಧಾರವಾಡ, ಮಂಗಳೂರು, ಕೋಲಾರದ ಕಡೆಯವರು ಯಾರಾದ್ರೂ ಇದ್ರೆ, ಒಂದು ಕೇರಿಯವರನ್ನ ಇನ್ನೊಂದು ಕೇರಿ ಮೇಲೆ ಎತ್ತಿಕಟ್ಟೋ ಮಾತಿಗೆ ನಿಮ್ಮ ಮನೇಲಿ ಏನಂತಿದ್ರು ತಿಳಿಸಿ. ಕರೆಯೋಲೆ ಗುರುವಾರ ಪ್ರಿಂಟ್‌ಗೆ ಹೋಗುತ್ತೆ, ಸದ್ಯಕ್ಕೆ "ಜನರನ್ನ ಎತ್ತಿಕಟ್ಟೋ ಮಾತಿಗೂ ಮಾತಿನ ಸ್ವಾತಂತ್ರ್ಯ ಇರಬೇಕಾ?" ಅಂತ ಬರೆದಿಟ್ಟಿದ್ದೀನಿ, ಎರಡು ಕಡೇನೂ "ಮಾತು" ಬಂತಲ್ಲ ಅಂತ.