ಜರ್ಮನ್ ಸಾಹಿತ್ಯ ಓದಲು ಹೊರಟವರಿಗೆ: ಭಾನುವಾರದ ಪ್ರಶ್ನೋತ್ತರ

ನಿರ್ವಾಹಕ: ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಸಾಹಿತ್ಯ ಕಲಿಸುವ ನಮ್ಮ ಹಾಸನದ ಮೇಡಂ ಇಂದು ಸಂಜೆ ನಮ್ಮೊಂದಿಗಿದ್ದಾರೆ. ಎಂ.ಎ., ಪಿಎಚ್.ಡಿ., ದಾರ್ಶನಿಕ ಅಡೋರ್ನೊ ಮೊದಲಾದವರ ಫ್ರಾಂಕ್‌ಫರ್ಟ್ ಪಂಥ, ಏನು ಬೇಕಾದರೂ ಕೇಳಿ. ಶುಭ ಸಂಜೆಯ ಚಿತ್ರಗಳು ಬೇಡ.

ತುಂಗಾತೀರ: ಮೇಡಂ, ಜರ್ಮನಿಯಲ್ಲಿ ಶುಲ್ಕವೇ ಇಲ್ಲವಂತೆ, ನಿಜವೇ?

ಮೇಡಂ: ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್ ವಂತಿಗೆ ಇದೆ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯೂರೊ ವಸೂಲು ಮಾಡುತ್ತದೆ. ಹೈಡೆಲ್‌ಬರ್ಗ್, ಟ್ಯುಬಿಂಗನ್, ಫ್ರೈಬರ್ಗ್ ಅಲ್ಲಿಯೇ ಇವೆ. ಶುಲ್ಕವಿಲ್ಲ ಎಂದರೆ ಖರ್ಚಿಲ್ಲ ಎಂದಲ್ಲ. ವಿದ್ಯಾರ್ಥಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಎಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಯಾಂಕ್ ಖಾತೆಯಲ್ಲಿ, ಒಂದು ವರ್ಷದ ಹಣ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತವನ್ನು 11,904 ಯೂರೊಗೆ ಏರಿಸಿದರು.

ಬೆಳವಾಡಿ ಹುಡುಗ: ಜರ್ಮನ್ ಸಾಹಿತ್ಯದ ಎಂ.ಎ.ಗೆ ಜರ್ಮನ್ ಭಾಷೆಯಲ್ಲಿ ಬಿ1 ಮಟ್ಟ ಸಾಕೇ?

ಮೇಡಂ: ಸಾಲದು. ಅದಕ್ಕಿಂತ ಎರಡು ಮೆಟ್ಟಿಲು ಮೇಲಿನ ಸಿ1 ಮಟ್ಟವನ್ನಾದರೂ ಕೇಳುತ್ತಾರೆ. ಡಿಎಸ್‌ಎಚ್ ಅಥವಾ ಟೆಸ್ಟ್‌ಡಾಫ್‌ನಂಥ ಭಾಷಾ ಪರೀಕ್ಷೆ ಬರೆಯಬೇಕು. ಬಿ1ರಲ್ಲಿ ರೈಲು ಟಿಕೆಟ್ ಕೊಳ್ಳಬಹುದು, ಅಡೋರ್ನೊನನ್ನು ಓದಲಾಗುವುದಿಲ್ಲ.

ಹಸಿರುಮನೆ: ಮೇಡಂ, ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ. ಸಾಗರದ ಹತ್ತಿರದ ಅನುದಾನಿತ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ, ವಯಸ್ಸು 34. ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್‌ನ ಅನುವಾದ ಕುರಿತ ಪ್ರಬಂಧವನ್ನು ಇಟ್ಟುಕೊಂಡು ಕನ್ನಡದ ಅನುವಾದ ಪರಂಪರೆಯನ್ನು ನೋಡಬೇಕೆಂಬ ಆಸೆ. ಓದಿರುವುದೆಲ್ಲ ಇಂಗ್ಲಿಷಿನಲ್ಲಿ. ಬೆಂಗಳೂರಿನ ಏಜೆನ್ಸಿಯೊಂದು ಮೂರು ಲಕ್ಷ ಕೊಟ್ಟರೆ ಜರ್ಮನಿಯಲ್ಲಿ ಮಾರ್ಗದರ್ಶಕರನ್ನು ಖಾತ್ರಿಯಾಗಿ ಕೊಡಿಸುತ್ತೇವೆ ಎನ್ನುತ್ತಿದೆ. ಅಪ್ಪ ಅರ್ಧ ಎಕರೆ ಅಡಿಕೆ ತೋಟ ಕೊಟ್ಟುಬಿಡೋಣ ಎನ್ನುತ್ತಿದ್ದಾರೆ. ಕೆಲಸಕ್ಕೆ ರಾಜೀನಾಮೆ ಕೊಡಲೇ?

ಮೇಡಂ: ತೋಟಕ್ಕೆ ಕೈ ಹಾಕಬೇಡಿ. ರಾಜೀನಾಮೆಯೂ ಬೇಡ. ಉಳಿದದ್ದನ್ನು ಆಮೇಲೆ ಮಾತನಾಡೋಣ.

ಮಾರ್ಗದರ್ಶಕರನ್ನು ಯಾರೂ ಮಾರುವುದಿಲ್ಲ. ನಮ್ಮ ಕ್ಷೇತ್ರದಲ್ಲಿ ಪಿಎಚ್.ಡಿ. ಸಾಮಾನ್ಯವಾಗಿ ಶುರುವಾಗುವುದು ಒಬ್ಬ ಪ್ರಾಧ್ಯಾಪಕರು "ಈ ಕೆಲಸಕ್ಕೆ ನಾನು ಮಾರ್ಗದರ್ಶನ ಮಾಡುತ್ತೇನೆ" ಎಂದು ಬರೆದುಕೊಟ್ಟಾಗ. ಅವರಿಗೆ ಇಮೇಲ್ ಬರೆಯಲು ಕಾಸು ಬೇಡ. ಏಜೆನ್ಸಿಗಳ ಪತ್ರಗಳು ನಮ್ಮ ವಿಭಾಗಕ್ಕೂ ಬರುತ್ತವೆ. ಹೆಸರು ಬೇರೆ, ಒಕ್ಕಣೆ ಒಂದೇ. ಒಮ್ಮೆ ಹಿಂದಿನ ಅಭ್ಯರ್ಥಿಯ ಹೆಸರು ಅಳಿಸುವುದನ್ನೇ ಮರೆತಿದ್ದರು. ಮೂರನೆಯ ಸಾಲಿಗೆ ಬರುವ ಮೊದಲೇ ಅದನ್ನು ತೆಗೆದುಹಾಕಿದೆವು.

ನಿಮ್ಮ ವಿಷಯ ನನಗೆ ಹಿಡಿಸಿತು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಆದರೆ ಅನುವಾದದ ಬಗೆಗಿನ ಪ್ರಬಂಧವನ್ನು ಅನುವಾದದಲ್ಲಿಯೇ ಓದಿ ಮಹಾಪ್ರಬಂಧ ಬರೆಯುತ್ತೇನೆ ಎಂದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಬೆಂಜಮಿನ್ ಪ್ರಬಂಧದ ಜರ್ಮನ್ ಶೀರ್ಷಿಕೆಯಲ್ಲಿರುವ 'ಔಫ್‌ಗಾಬೆ' ಎಂಬ ಪದವನ್ನೇ ನೋಡಿ. ವಹಿಸಿಕೊಂಡ ಕೆಲಸ ಎಂಬುದು ಒಂದು ಅರ್ಥ. ಕೈಚೆಲ್ಲುವುದು, ಬಿಟ್ಟುಕೊಡುವುದು ಎಂಬುದು ಇನ್ನೊಂದು. ಇಂಗ್ಲಿಷಿನಲ್ಲಿ ಮೊದಲನೆಯದು ಮಾತ್ರ ಉಳಿಯಿತು. ಪ್ರಬಂಧದ ಕೊನೆಯ ಭಾಗದಲ್ಲಿ, ನೇರವಾಗಿ ಸತ್ಯಕ್ಕೆ ಸೇರಿದ ಪಠ್ಯ ಪೂರ್ತಿಯಾಗಿ ಅನುವಾದಕ್ಕೆ ಒದಗುತ್ತದೆ ಎನ್ನುತ್ತಾನೆ ಬೆಂಜಮಿನ್. ಫ್ರೆಂಚ್ ಅನುವಾದಕ ಗಾಂದಿಯಾಕ್ ಅಲ್ಲಿ 'ಒದಗುವುದಿಲ್ಲ' ಎಂದು ಬರೆದುಬಿಟ್ಟರು. 1983ರ ಉಪನ್ಯಾಸವೊಂದರಲ್ಲಿ ವಿಮರ್ಶಕ ಪಾಲ್ ಡಿ ಮಾನ್ ಇವೆರಡನ್ನೂ ಎತ್ತಿ ತೋರಿಸಿದರು. ಮೂಲ ಮುಂದಿಲ್ಲದಿದ್ದರೆ ಇದು ನಿಮಗೆ ಹೇಗೆ ತಿಳಿಯುತ್ತಿತ್ತು?

ಆದ್ದರಿಂದ ಕಾಲೇಜಿನಲ್ಲಿದ್ದುಕೊಂಡೇ ಎರಡು-ಮೂರು ವರ್ಷ ಭಾಷೆ ಕಲಿಯಿರಿ. ಮ್ಯಾಕ್ಸ್ ಮುಲ್ಲರ್ ಭವನದ ಆನ್‌ಲೈನ್ ತರಗತಿಗಳಿವೆ. ಜರ್ಮನ್ ವಿಭಾಗಕ್ಕಿಂತ ತೌಲನಿಕ ಸಾಹಿತ್ಯ ನಿಮಗೆ ಹೊಂದುತ್ತದೆ. ಬರ್ಲಿನ್ ಫ್ರೀ ವಿಶ್ವವಿದ್ಯಾಲಯದ ಪೀಟರ್ ಸೊಂಡಿ ಸಂಸ್ಥೆಯಿಂದ ಹುಡುಕಲು ಶುರುಮಾಡಿ. ಅಲ್ಲಿ ನಿಮ್ಮ ಕನ್ನಡವೇ ಬಂಡವಾಳ.

ಮುಗಿಸಿದ ಮೇಲೆ ಇಲ್ಲಿಯೇ ನೆಲೆಸುವ ಲೆಕ್ಕವಿದ್ದರೆ ಇನ್ನೊಂದು ಮಾತು. ಇಲ್ಲಿನ 2007ರ ಕಾನೂನಿನ ಪ್ರಕಾರ ಸಂಶೋಧಕರನ್ನು ಪಿಎಚ್.ಡಿ.ಗೆ ಮೊದಲು ಆರು ವರ್ಷ, ನಂತರ ಆರು ವರ್ಷ ತಾತ್ಕಾಲಿಕ ಒಪ್ಪಂದದಲ್ಲಿ ಇಟ್ಟುಕೊಳ್ಳಬಹುದು. ಆಮೇಲೆ ಕಾಯಂ ಹುದ್ದೆ ಸಿಗದಿದ್ದರೆ ಬಹುಮಟ್ಟಿಗೆ ಬಾಗಿಲು ಮುಚ್ಚಿದಂತೆಯೇ. 2021ರಲ್ಲಿ, ಈ ಕಾನೂನನ್ನು ವಿವರಿಸುವ ಸರ್ಕಾರಿ ವಿಡಿಯೊದ ಕಾಲ್ಪನಿಕ ಸಂಶೋಧಕಿಯ ಹೆಸರು ಹಿಡಿದು, 'ನಾನು ಹನ್ನಾ' ಎಂದು ಇಲ್ಲಿನ ಸಂಶೋಧಕರು ಸಾಮಾಜಿಕ ಜಾಲತಾಣದಲ್ಲಿ ಸಿಡಿದೆದ್ದದ್ದು ಇದೇ ಕಾರಣಕ್ಕೆ. ನನ್ನ ಒಪ್ಪಂದವೂ ಮುಂದಿನ ವರ್ಷ ಮುಗಿಯುತ್ತದೆ.

ಕಡಲ ಕಿನಾರೆ: ಬೆಂಜಮಿನ್‌ಗೇ ಫ್ರಾಂಕ್‌ಫರ್ಟ್‌ನವರು ಪಿಎಚ್.ಡಿ. ಕೊಡಲಿಲ್ಲ, ನಮಗೆ ಕೊಡುತ್ತಾರೆಯೇ!

ಮೇಡಂ: ಪಿಎಚ್.ಡಿ. ಆತನಿಗೆ ಬರ್ನ್‌ನಲ್ಲಿ ಮೊದಲೇ ಸಿಕ್ಕಿತ್ತು. ಫ್ರಾಂಕ್‌ಫರ್ಟ್‌ನಲ್ಲಿ ಆತ 1925ರಲ್ಲಿ ಹಿಂತೆಗೆದುಕೊಂಡದ್ದು ಹಬಿಲಿಟೇಷನ್, ಎಂದರೆ ಪ್ರಾಧ್ಯಾಪಕನಾಗಲು ಬೇಕಾದ ಎರಡನೆಯ ಪ್ರಬಂಧ. ತಿರಸ್ಕರಿಸುತ್ತೇವೆ, ಮೊದಲೇ ವಾಪಸ್ ಪಡೆಯಿರಿ ಎಂದು ಸೂಚಿಸಿದ್ದರು.

ಗೆಳೆಯರ ಬಳಗ: *(ಹಲವು ಬಾರಿ ರವಾನೆಯಾದ ಸಂದೇಶ)* ಜರ್ಮನಿಯ ಶಾಲೆಗಳಲ್ಲಿ ಸಂಸ್ಕೃತ ಕಡ್ಡಾಯ!! ಸಂಸ್ಕೃತ ಬಲ್ಲವರು 90 ದಿನಗಳಲ್ಲಿ ಸಿ1 ಮುಗಿಸಬಹುದು!! ತಪ್ಪದೆ ಹಂಚಿಕೊಳ್ಳಿ.

ಮೇಡಂ: ಕಡ್ಡಾಯವೂ ಅಲ್ಲ, 90 ದಿನಗಳೂ ಅಲ್ಲ. ಹಂಚಿಕೊಳ್ಳಬೇಡಿ. ಇದನ್ನು ನಂಬಿ ಬಂದ ಹುಡುಗನೊಬ್ಬ ಪರೀಕ್ಷೆಯಲ್ಲಿ ಎರಡು ಬಾರಿ ಫೇಲಾಗಿ, ಕಟ್ಟಿದ ಹಣವನ್ನೂ ಕಳೆದುಕೊಂಡು ಊರಿಗೆ ಹೋದ. ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದವಳು ನಾನೇ.

ಗೆಳೆಯರ ಬಳಗ: ನಾನು ಫಾರ್ವರ್ಡ್ ಮಾಡಿದ್ದಷ್ಟೇ ಮೇಡಂ.

ಮೇಡಂ: ಅದೇ ತೊಂದರೆ.

ನಂದಿಬೆಟ್ಟ: ಎಂ.ಎ.ಗೆ ಬಿ1 ಆಗಿದ್ದರೆ ನಡೆಯುತ್ತದೆಯೇ ಮೇಡಂ?

ಮೇಡಂ: ಮೇಲೆ ಓದಿ.

ಕೃಷ್ಣೆ ಕಣಿವೆ: ಅಮೆರಿಕದ ಜರ್ಮನ್ ವಿಭಾಗಗಳಲ್ಲಿ ಫೆಲೋಶಿಪ್ ಸುಲಭವೇ? ಗಂಡನಿಗೂ ವೀಸಾ ಸಿಗುತ್ತದೆಯೇ?

ಪಡುವಣ: ಅಲ್ಲಮನನ್ನು ಇಟ್ಟುಕೊಂಡು ಅಡೋರ್ನೊ ಹಿಂದೆ ಏಕೆ ಹೋಗಬೇಕು? ಆಶ್‌ವಿತ್ಸ್ ಹತ್ಯಾಕಾಂಡದ ನಂತರ ಕವಿತೆ ಬರೆಯಬಾರದು ಎಂದವನಿಂದ ಕವಿತೆಯ ಬಗ್ಗೆ ಏನು ಕಲಿಯುವುದು?

ಕಡಲ ಕಿನಾರೆ: ಓದದೆ ಮಾತನಾಡುವುದು ಎಂದರೆ ಇದೇ.

ಪಡುವಣ: ನೀವು ಓದಿದ್ದೀರೋ? ಮೂಲದಲ್ಲಿ? ಈಗ ತಾನೇ ಮೇಡಂ ಮೂಲ ಮೂಲ ಎಂದರು.

ಕಡಲ ಕಿನಾರೆ: ನೀವು ಅಲ್ಲಮನನ್ನಾದರೂ ಪೂರ್ತಿ ಓದಿದ್ದೀರಾ?

ಮೇಡಂ: ಬರೆಯಬಾರದು ಎಂದಿಲ್ಲ. 1951ರಲ್ಲಿ ಅಚ್ಚಾದ ಪ್ರಬಂಧದಲ್ಲಿ, ಬರೆಯುವುದು ಬರ್ಬರತೆ ಎಂದದ್ದು. 1966ರಲ್ಲಿ, ಚಿತ್ರಹಿಂಸೆಗೆ ಒಳಗಾದವನಿಗೆ ಚೀರುವ ಹಕ್ಕಿರುವಂತೆ ನೋವಿಗೂ ನುಡಿಯುವ ಹಕ್ಕಿದೆ, ಆದ್ದರಿಂದ ಆ ಮಾತು ತಪ್ಪಾಗಿದ್ದಿರಬಹುದು ಎಂದು ತಾನೇ ಬರೆದ. ಅಲ್ಲಮನನ್ನು ಓದುವುದಕ್ಕೂ ಇದಕ್ಕೂ ಜಗಳವಿಲ್ಲ. ಜಗಳ ನಿಮ್ಮಿಬ್ಬರದು, ಬೇರೆ ಕಡೆ ಮಾಡಿಕೊಳ್ಳಿ.

ಪಡುವಣ: ಪ್ರಶ್ನೆ ಕೇಳಿದರೆ ಹೀಗೆ ಮುಖಕ್ಕೆ ಹೊಡೆದಂತೆ ಹೇಳಬೇಕೇ?

ನಿರ್ವಾಹಕ: ಎಲ್ಲರೂ ದಯವಿಟ್ಟು ಸಂಯಮದಿಂದಿರಿ.

ಕೃಷ್ಣೆ ಕಣಿವೆ: ನನ್ನ ಪ್ರಶ್ನೆ ಯಾರಿಗಾದರೂ ಕಾಣಿಸಿತೇ?

ತುಂಗಾತೀರ: ಫ್ರಾಂಕ್‌ಫರ್ಟ್‌ನಲ್ಲಿ ಅಡೋರ್ನೊ ಪಂಥದವರ ಆ ಸಾಮಾಜಿಕ ಸಂಶೋಧನಾ ಸಂಸ್ಥೆ ಈಗಲೂ ಇದೆಯೇ?

ಮೇಡಂ: ಇದೆ. 1923ರದು. ನಾಜಿಗಳು ಮುಚ್ಚಿಸಿದ ಮೇಲೆ ಜಿನೀವಾ, ನ್ಯೂಯಾರ್ಕ್ ಸುತ್ತಿ, ಯುದ್ಧದ ನಂತರ ವಾಪಸ್ಸಾಯಿತು.

ಹಸಿರುಮನೆ: ಮೇಡಂ, ಏಜೆನ್ಸಿಯವರು ಈಗಷ್ಟೇ ಫೋನ್ ಮಾಡಿದ್ದರು. ನಾಳೆಯೇ ಕೊನೆಯ ದಿನವಂತೆ.

ಮೇಡಂ: ಯಾವುದರ ಕೊನೆಯ ದಿನ? ಯಾವ ವಿಶ್ವವಿದ್ಯಾಲಯ, ಯಾವ ಪ್ರಾಧ್ಯಾಪಕರು ಎಂದು ಕೇಳಿ.

ಹಸಿರುಮನೆ: ಕೇಳಿದೆ. ಹಣ ಕಟ್ಟಿದ ಮೇಲೆ ಹೇಳುತ್ತಾರಂತೆ. ಅಪ್ಪ ಪಕ್ಕದ ತೋಟದವರ ಮನೆಗೆ ಮಾತನಾಡಲು ಹೊರಟಿದ್ದಾರೆ.

ಮೇಡಂ: ನಿಮ್ಮ ತಂದೆಯವರ ನಂಬರನ್ನು ನನಗೆ ಖಾಸಗಿಯಾಗಿ ಕಳಿಸಿ. ಈಗಲೇ.