ಸಹಾಯ ಬೇಕು: ಭತ್ತದ ಸುಗ್ಗಿಯಲ್ಲಿ ಜವಾಬ್ದಾರಿ ಹಂಚಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಜಿಲ್ಲೆ ಸಿರುಗುಪ್ಪದ ಕಡೆ ರೈತ ಉತ್ಪಾದಕರ ಕಂಪನಿಯೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಕಟಾವು ಶುರುವಾದರೆ ಲಾರಿ, ಗೋಣಿಚೀಲ, ತೇವಾಂಶದ ತಕರಾರು, ಗಿರಣಿಯವರ ಬಾಕಿ ಎಲ್ಲವೂ ನನ್ನ ಮೊಬೈಲ್‌ಗೇ ಬರುತ್ತವೆ. ಕಾಲುವೆಗೆ ನೀರು ಯಾವಾಗ ಎಂಬುದನ್ನೂ ನನ್ನನ್ನೇ ಕೇಳುತ್ತಾರೆ, ತುಂಗಭದ್ರಾ ಅಣೆಕಟ್ಟೆಯ ಕೀಲಿ ನನ್ನ ಜೇಬಿನಲ್ಲಿರುವಂತೆ!

ನಿದ್ದೆ ಮಾಡಿದರೂ ದಣಿವು ಆರುವುದಿಲ್ಲ. ಅದಕ್ಕಿಂತ ಚಿಂತೆಯೆಂದರೆ, ಕಷ್ಟ ಹೇಳಿಕೊಂಡು ಬಂದ ರೈತರ ಮಾತು ಕಿವಿಗೆ ಬೀಳುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಹೇಳಿದ ಲಕ್ಷಣಗಳೂ ಇವೇ: ಬಳಲಿಕೆ, ಕೆಲಸದ ಬಗ್ಗೆ ಅಸಡ್ಡೆ, ಕೈಯಿಂದ ಏನೂ ಆಗುತ್ತಿಲ್ಲವೆಂಬ ಭಾವ. ಅದನ್ನು ಕಾಯಿಲೆ ಎನ್ನದೆ, ಕೆಲಸಕ್ಕೆ ಅಂಟಿಕೊಂಡ ಸಮಸ್ಯೆ ಎಂದಿದೆ ಸಂಸ್ಥೆ. ಹಾಗಾದರೆ ಕೆಲಸದ ರೀತಿಯೇ ಬದಲಾಗಬೇಕಲ್ಲವೇ? ‘ಹಂಪಿಗೆ ಹೋಗಿ ಎರಡು ದಿನ ಇದ್ದು ಬನ್ನಿ’ ಎಂಬ ಸಲಹೆ ದಯವಿಟ್ಟು ಬೇಡ. ಅಲ್ಲೂ ನೆಟ್‌ವರ್ಕ್ ಸಿಗುತ್ತದೆ.

ಸಂಘ, ಶಾಲೆ, ಪಂಚಾಯಿತಿ ನಡೆಸುವವರು ಹೇಳಿ: ಖರೀದಿ, ಪಾವತಿಗಳನ್ನು ಯಾರಿಗೆ, ಎಷ್ಟು ಅಧಿಕಾರ ಕೊಟ್ಟು ವಹಿಸಿದಿರಿ? ರಾತ್ರಿಯ ಕರೆಗಳಿಗೆ ಸರದಿ ಹಾಕಿದಾಗ ನಿರ್ದೇಶಕರನ್ನು ಒಪ್ಪಿಸಿದ್ದು ಹೇಗೆ? ‘ಅಧ್ಯಕ್ಷರೇ ಬರಲಿ’ ಎಂದು ಹಟ ಹಿಡಿಯುವ ಹಿರಿಯರಿಗೆ ಏನು ಹೇಳಿದಿರಿ?

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದವರಿದ್ದರೆ ಅನುಭವ ತಿಳಿಸಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ನಡೆಸಿದ ಪ್ರಯೋಗ. ಆದರೂ ಇಲ್ಲಿ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದ ಬಾಗಿಲು ಹೊಕ್ಕರೆ ಜನ ತಿರುಗಿ ನೋಡುತ್ತಾರೆ. ಹೋಗಿ ಬಂದವರು ಖಾಸಗಿಯಾಗಿ ಬರೆದರೂ ಸಾಕು.